ಬಾಲ್ಕನಿ ಕಡೆಯ ಸ್ಪೀಕರ್

ಖರಾಡಿಯ ಆ ಮನೆಗೆ ನಾನು ಎರಡನೆಯ ಸಲ ಹೋದದ್ದು, ಮೊದಲ ಸಲ ಮಾಡಿದ ಕೆಲಸ ಸರಿಯಾಗಿಯೇ ಇದೆ ಎಂದು ತೋರಿಸಿಕೊಟ್ಟು ಬರಲು. ಇದನ್ನು ಈಗಲೇ ಹೇಳಿಬಿಡುತ್ತೇನೆ. ಯಾಕೆಂದರೆ ಈಚೆಗೆ ಅದನ್ನು ನೆನೆದಾಗಲೆಲ್ಲ ನಾನು ತೆರೆದ ಮನಸ್ಸಿನಿಂದ ಹೋಗಿದ್ದೆ ಅನ್ನಿಸತೊಡಗಿದೆ. ಹಾಗೇನೂ ಇರಲಿಲ್ಲ.

ವಿಮಾನ ನಗರದ ಒಂದು ಅಂಗಡಿಯಲ್ಲಿ ನನ್ನ ಕೆಲಸ. ಎದೆಮಟ್ಟ ಎತ್ತರದ, ನೆಲದ ಮೇಲೇ ನಿಲ್ಲುವ ದುಬಾರಿ ಸ್ಪೀಕರ್‌ಗಳನ್ನು ಅಂಗಡಿ ಮಾರುತ್ತದೆ. ಅವನ್ನು ಗಿರಾಕಿಗಳ ಮನೆಯಲ್ಲಿ ನಿಲ್ಲಿಸಿ, ಅಳೆದು, ಸಮಮಟ್ಟ ಮಾಡಿ ಕೊಡುವವನು ನಾನು. ಜೊತೆಗೆ ಬರುವವರು ನಮ್ಮ ಗಾಡಿಯ ಚಾಲಕ ಮಾಮಾ. ಅಕ್ಕಲಕೋಟದ ಕಡೆಯವರು, ಐವತ್ತು ದಾಟಿದವರು. ಒಂದೊಂದು ಸ್ಪೀಕರ್ ಅಕ್ಕಿ ಮೂಟೆಯಷ್ಟು ಭಾರ. ಇಬ್ಬರಿಲ್ಲದೆ ಆಗದ ಕೆಲಸ.

ಮನೆ ಒಂಬತ್ತನೆಯ ಮಹಡಿಯಲ್ಲಿ. ಯಜಮಾನರು ಗದಗಿನ ಕಡೆಯಿಂದ ಬಂದು ಪುಣೆಯಲ್ಲಿ ಕಾಗದದ ಸಗಟು ವ್ಯಾಪಾರ ಮಾಡುವವರು, ಎಲ್ಲರಿಗೂ ಸಾವಕಾರರು. ಅವರ ಹೆಂಡತಿ ಮನೆಯಲ್ಲೇ ಏಳೆಂಟು ಹುಡುಗಿಯರಿಗೆ ಹಿಂದುಸ್ತಾನಿ ಗಾಯನ ಹೇಳಿಕೊಡುತ್ತಾರೆ. ಅವರನ್ನು ಬಾಯಾರು ಎಂದು ಕರೆಯುತ್ತಾರೆ, ನಾನೂ ಹಾಗೇ ಕರೆದೆ. ಅವರ ಗುರುಗಳು ಧಾರವಾಡದಲ್ಲಿ ಪಾಠ ಹೇಳುವಾಗ ತುಂಬಿಟ್ಟ ಹಳೆಯ ಕ್ಯಾಸೆಟ್‌ಗಳು ಅವರಲ್ಲಿದ್ದವು. ಈಗ ಅವೆಲ್ಲ ಕಂಪ್ಯೂಟರಿಗೆ ಇಳಿದಿವೆ. ಅವುಗಳನ್ನು ಚೆನ್ನಾಗಿ ಕೇಳಲೆಂದೇ ಸಾವಕಾರರು ಸ್ಪೀಕರ್ ತರಿಸಿದ್ದರು.

ಮೊದಲ ಸಲ ಹೋದಾಗ ಪೂರ್ತಿ ಒಂದು ಮಧ್ಯಾಹ್ನ ಹಿಡಿಯಿತು. ಹಾಲ್‌ನ ನೆಲ ಬಾಲ್ಕನಿಯ ಕಡೆ ಇಳಿಜಾರು. ನೀರು ಹಾಕಿ ನೆಲ ತೊಳೆಯುವ ಮನೆಗಳಿಗೆ ಬಿಲ್ಡರುಗಳು ಹೀಗೇ ಟೈಲ್ಸ್ ಹಾಕಿಸುತ್ತಾರೆ. ಸ್ಪೀಕರಿನ ಕೆಳಗೆ ನಾಲ್ಕು ಮೂಲೆಗಳಲ್ಲಿ ತಿರುಪು ಕೊರೆದ ಉಕ್ಕಿನ ಮೊನೆಗಾಲುಗಳಿರುತ್ತವೆ. ಅವನ್ನು ತಿರುಗಿಸಿ ಆಯಾ ಮೂಲೆಯನ್ನು ಎತ್ತುವುದು ಅಥವಾ ಇಳಿಸುವುದು, ಆಮೇಲೆ ಮೇಲಿನ ನಟ್ಟನ್ನು ಬಿಗಿಯುವುದು. ಸೋಫಾದ ನಡುವಿನಿಂದ ಎರಡೂ ಸ್ಪೀಕರಿಗೆ ಒಂದೇ ದೂರ ಬರುವಂತೆ ಉಕ್ಕಿನ ಟೇಪಿನಲ್ಲಿ ಅಳೆದೆ. ಒಳಮುಖವಾಗಿ ಎಷ್ಟು ತಿರುಗಿರಬೇಕೋ ಅಷ್ಟು ತಿರುಗಿಸಿದೆ. ಕೊನೆಗೆ ರಸಮಟ್ಟ ಇಟ್ಟು, ಹಸಿರು ದ್ರವದೊಳಗಿನ ಗುಳ್ಳೆ ಎರಡು ಗೆರೆಗಳ ನಡುವೆ ಬರುವ ತನಕ ಕಾಲುಗಳನ್ನು ತಿರುಗಿಸಿದೆ. ಎಡಕ್ಕಿದ್ದ, ಊಟದ ಮೇಜಿನ ಕಡೆಯದು ಬೇಗ ಮುಗಿಯಿತು. ಬಲಕ್ಕಿದ್ದ, ಬಾಲ್ಕನಿ ಕಡೆಯದು ಬೆವರಿಳಿಸಿತು. ಎಲ್ಲ ಮುಗಿಸಿ ಸೋಫಾದ ಮೇಲೆ ಕೂತು ಗುರುಗಳ ದನಿ ಹಾಕಿ ಕೇಳಿದೆ. ಅದು ಒಂದೇ ಮೈಕಿನಲ್ಲಿ ಹಿಡಿದ ದನಿ. ಎರಡೂ ಸ್ಪೀಕರಿಗೆ ಒಂದೇ ಸದ್ದು ಹೋಗುತ್ತದೆ, ಹಾಗಾಗಿ ಎರಡರ ನಟ್ಟನಡುವೆ, ಬರಿಯ ಗೋಡೆಯೇ ಹಾಡುತ್ತಿರುವಂತೆ ಕೇಳಬೇಕು. ಹಾಗೆಯೇ ಕೇಳಿತು. ಸಾವಕಾರರೂ ತಲೆದೂಗಿದರು. ಬಾಯಾರು ಅಡಿಗೆಮನೆಯ ಬಾಗಿಲಲ್ಲಿ ಚಹಾದ ತಟ್ಟೆ ಹಿಡಿದು ನಿಂತಿದ್ದರು.

ಎಂಟು ಹತ್ತು ದಿನಗಳ ನಂತರ ಸಾವಕಾರರ ಫೋನ್ ಬಂತು.

"ಸ್ಪೀಕರ್ ಭಾಳ ಛಲೋ ಅದಾವ್ರಿ, ನಮ್ಮದೇನೂ ತಕರಾರಿಲ್ಲ. ಆದ್ರ ನಮ್ಮಾಕಿಗೆ ಗುರುಗಳ ದನಿ ಒಂದ ಕಡೆ ಸರದಂಗ ಕೇಳಸ್ತದಂತ. ನನಗಂತೂ ನಡುವ ಕೇಳಸ್ತದ. ಒಮ್ಮೆ ಬಂದು ಆಕಿಗೆ ತಿಳಿಸಿ ಹೇಳಿ ಹೋಗ್ರಿ. ಕಿವಿ ಹೋತು, ಕ್ಲಾಸ್ ಬಂದ ಮಾಡ್ತೀನಿ ಅಂತ ಹಟ ಹಿಡದಾಳ."

ಬಾಯಾರ ಅಕ್ಕನಿಗೂ ಮೊದಲು ಬಲಗಿವಿ ಮಂದವಾಗಿ, ಆಮೇಲೆ ಎರಡೂ ಹೋದವಂತೆ. ಬಾಯಾರಿಗೆ ಈಗ ದನಿ ಎಡಕ್ಕೆ ಸರಿದಿತ್ತು, ಅಂದರೆ ಬಲಗಡೆಯದು ಕಡಿಮೆ ಕೇಳುತ್ತಿತ್ತು. ಮುಂದಿನ ತಿಂಗಳಿಂದ ಪಾಠ ಇಲ್ಲವೆಂದು ಎರಡು ಮನೆಗಳಿಗೆ ಆಗಲೇ ಹೇಳಿಯೂ ಬಿಟ್ಟಿದ್ದರು.

ಮರುದಿನ ಹನ್ನೊಂದರ ಹೊತ್ತಿಗೆ ಹೋದೆವು. ಟೇಪು ಹಿಡಿದು ದೂರಗಳನ್ನು ಮತ್ತೆ ಅಳೆದೆ. ಒಂದು ಕೂದಲೂ ಆಚೀಚೆ ಆಗಿರಲಿಲ್ಲ. ನಾಲ್ಕೂ ಮೂಲೆ ಒತ್ತಿ ನೋಡಿದೆ, ಅಲುಗಲಿಲ್ಲ. ಸೋಫಾದ ಮೇಲೆ, ಕೂತವರ ಕಿವಿಯ ಎತ್ತರಕ್ಕೆ ಮೈಕು ನಿಲ್ಲಿಸಿ ಎರಡೂ ಸ್ಪೀಕರುಗಳ ಸದ್ದನ್ನು ಬೇರೆ ಬೇರೆಯಾಗಿ ಅಳೆದೆ. ಲ್ಯಾಪ್‌ಟಾಪಿನ ಮೇಲೆ ಎರಡು ಗೆರೆಗಳೂ ಹೆಚ್ಚು ಕಡಿಮೆ ಒಂದರ ಮೇಲೊಂದು ಕೂತವು.

ಬಾಯಾರು ಹೋದ ಸಲದಂತೆಯೇ ಅಡಿಗೆಮನೆಯ ಬಾಗಿಲಲ್ಲಿದ್ದರು. "ಮೊದಲ ನಾಕ ದಿನ ನನಗೂ ನಡುವ ಕೇಳ್ತಿತ್ತೋ ಏನೋರಿ. ಆಮ್ಯಾಲ ಸರೀತು ಅನಸ್ತದ," ಅಂದರು.

ಆಗ ನಾನು ಆಡಿದ ಮಾತು ಚೆನ್ನಾಗಿ ನೆನಪಿದೆ. ನೆನಪಿರದಿದ್ದರೆ ಒಳ್ಳೆಯದಿತ್ತು. "ಬಾಯಾರ, ಸದ್ದಿನ ನೆನಪು ಭಾಳ ಹೊತ್ತು ನಿಲ್ಲೂದಿಲ್ರಿ. ಹೋದ ವಾರ ಹೆಂಗ ಕೇಳಿತ್ತು ಅನ್ನೂದನ್ನ ಯಾರೂ ಖರೇ ಹೇಳಾಕ ಆಗೂದಿಲ್ಲ," ಅಂದೆ. ಭೌತಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದವನ ಧಾಟಿಯಲ್ಲಿ.

"ಇರಲಿ ಬಿಡ್ರಿ, ಹೋದ ವಾರದ್ದು ಬ್ಯಾಡ. ಈಗಿಂದು ಹೇಳಲಾ?" ಅಂದವರೇ ಬಂದು ಕೂತರು.

ಗುರುಗಳ ದನಿ ಹಾಕಿದೆ. ನಾನು ಮತ್ತು ಸಾವಕಾರರು ಸೋಫಾದ ಮೇಲೆ, ಬಾಯಾರು ನಮ್ಮ ಮುಂದೆ. ದನಿ ನಡುವೆ ನಿಂತಿತ್ತು. ನನಗೆ ಅನುಮಾನವೇ ಇರಲಿಲ್ಲ. ಬಾಯಾರು ಕಣ್ಣು ಮುಚ್ಚಿ ಬೆರಳು ತೋರಿಸಿದರು. ಗೋಡೆಯ ನಡುವಿನಿಂದ ಒಂದು ಮೊಳ ಆಚೆಗೆ, ಊಟದ ಮೇಜಿನ ಕಡೆಗೆ.

"ನಮ್ಮಿಬ್ಬರಿಗೂ ನಡುವ ಕೇಳಸ್ತದ. ನಿನಗೊಬ್ಬಾಕಿಗ ಬ್ಯಾರೆ," ಅಂದರು ಸಾವಕಾರರು.

"ಅದನ್ನs ನಾನೂ ಹೇಳ್ಳಿಕತ್ತೀನಲ್ರಿ," ಅಂದರು ಬಾಯಾರು.

ಆಂಪ್ಲಿಫೈಯರಿನ ಒಂದು ಬದಿ ಸೋತಿರಬಹುದು ಎಂದು ತಂತಿಗಳನ್ನು ಅದಲು ಬದಲು ಮಾಡಿದೆ. ದೋಷ ಅಲ್ಲಿದ್ದರೆ ದನಿ ಈಗ ಬಾಲ್ಕನಿಯ ಕಡೆ ಹೋಗಬೇಕು. ಬಾಯಾರ ಬೆರಳು ಮೊದಲು ತೋರಿಸಿದಲ್ಲಿಗೇ ಹೋಯಿತು. ಕಣ್ಣು ತೆರೆದು, ತಾವು ಎಲ್ಲಿ ತೋರಿಸಿದ್ದೇವೆಂದು ನೋಡಿ, ಸೆರಗು ಸರಿ ಮಾಡಿಕೊಂಡರು.

"ಆತಲ್ರಿ. ಮಷೀನ್ ಸರಿ ಅದ. ಇನ್ನ ನನ್ನ ಕಿವಿ ನಂಬಿ ಮಂದಿ ಮಕ್ಕಳಿಗೆ ಸುರ ಹಚ್ಚೂದು ಬ್ಯಾಡ."

ಸಾವಕಾರರು ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸತೊಡಗಿದರು. ನಾನು ಏನನ್ನು ಸಾಬೀತು ಮಾಡಲು ಬಂದಿದ್ದೆನೋ ಅದು ಸಾಬೀತಾಗಿತ್ತು. ಲ್ಯಾಪ್‌ಟಾಪು ಮುಚ್ಚಿ ಹೊರಡಬಹುದಿತ್ತು. ಮಾಮಾ ಆಗಲೇ ಟೇಪು ಸುತ್ತಿ ಚೀಲಕ್ಕೆ ಹಾಕುತ್ತಿದ್ದರು.

ನನಗೆ ಕುಳಿತಲ್ಲಿ ಕೂರಲಾಗಲಿಲ್ಲ. ಇದು ನನ್ನ ಹಳೆಯ ರೋಗ. ಉತ್ತರ ಸಿಕ್ಕ ಮೇಲೂ, ಇದಕ್ಕೆ ವಿರುದ್ಧವಾದದ್ದು ನಿಜವಾಗಿದ್ದರೆ ಏನು ಕಾಣಬೇಕಿತ್ತು ಎಂದು ಕೇಳಿಕೊಳ್ಳದೆ ಬಿಡುವುದಿಲ್ಲ. ತಂತಿ ಬದಲಿಸಿದ್ದರಿಂದ ತಿಳಿದದ್ದು ಆಂಪ್ಲಿಫೈಯರ್ ಸರಿಯಿದೆ ಎಂಬುದಷ್ಟೇ. ಉಳಿದದ್ದು ಕಿವಿ, ಕೋಣೆ, ಇಲ್ಲವೇ ಸ್ಪೀಕರ್. ಸ್ಪೀಕರುಗಳನ್ನೇ ಜಾಗ ಬದಲಿಸಿ ನೋಡಿದರೆ ಮತ್ತೆ ಅರ್ಧ ದಿನದ ಕೆಲಸ. ಕಿವಿಗಳನ್ನು ಜಾಗ ಬದಲಿಸುವುದು ಅದಕ್ಕಿಂತ ಸುಲಭ ಎಂದು ಆಗ ಹೊಳೆಯಿತು. ಅವರು ಬೆನ್ನು ತಿರುಗಿಸಿ ಕೂತರೆ ಬಲಗಿವಿ ಊಟದ ಮೇಜಿನ ಕಡೆಗೆ ಬರುತ್ತದೆ. ಬಲಗಿವಿ ಮಂದವಾಗಿದ್ದರೆ ದನಿ ಈಗ ಬಾಲ್ಕನಿಯ ಕಡೆ ಓಡಬೇಕು. ಹಾಗಾಗದೆ ಮೇಜಿನ ಕಡೆಯೇ ನಿಂತರೆ ಕಿವಿಯ ತಪ್ಪಲ್ಲ.

"ಬಾಯಾರ, ಒಮ್ಮೆ ಸ್ಪೀಕರಿಗೆ ಬೆನ್ನ ಮಾಡಿ ಕೂಡ್ರಿ."

ಅವರು ನನ್ನನ್ನೇ ನೋಡಿದರು. "ಗುರುಗಳು ಹಾಡೂಮುಂದ ಬೆನ್ನ ತಿರಿವಿ ಕೂಡಬೇಕೇನ್ರಿ?"

"ಬ್ಯಾರೆ ಯಾರದರ ದನಿ ಹಾಕ್ತೀನಿ. ಟೀವ್ಯಾಗ ಬಾತಮಿ ಓದಾವ್ರದು ನಡೀತದ."

"ಬಾತಮಿ ಓದಾವ್ರು ಎಲ್ಲಿ ನಿಂತಾರ ಅನ್ನೂದು ನನಗೇನ ಗೊತ್ತಾಗಬೇಕು? ಮೂವತ್ತ ವರ್ಷ ಕೇಳಿದ್ದು ಇದೊಂದs ದನಿ." ಆಮೇಲೆ ಸ್ಪೀಕರುಗಳ ನಡುವಿನ ಖಾಲಿ ಗೋಡೆಗೆ ಕೈಮುಗಿದು, ಎರಡೂ ಕಿವಿಯ ಹಾಲೆ ಮುಟ್ಟಿಕೊಂಡು, "ತಪ್ಪಾತ್ರಿ ಗುರುಗಳ," ಎಂದು ತಿರುಗಿ ಕೂತರು.

ಈಗ ಅವರ ಮುಖ ನಮ್ಮ ಕಡೆಗಿತ್ತು. ಕಣ್ಣು ಮುಚ್ಚಿದ್ದರು. ದನಿ ಶುರುವಾಯಿತು. ಕೈ ಹಿಂದಕ್ಕೆ ಹೋಯಿತು, ತಡಕಾಡಿತು, ನಿಂತಿತು. ಊಟದ ಮೇಜಿನ ಕಡೆಗೇ.

ಎರಡು ಸಲ ಮಾಡಿಸಿದೆ. ಎರಡು ಸಲವೂ ಅದೇ.

ಅಂದರೆ ಅವರು ಕೇಳುತ್ತಿದ್ದದ್ದು ನಿಜ, ಮತ್ತು ನಾನು ಕೇಳುತ್ತಿದ್ದದ್ದೂ ನಿಜ. ಅವರು ಮುಖವೆತ್ತಿ ನನ್ನನ್ನು ನೋಡಿದಾಗಲೇ ನನಗೆ ಕಂಡದ್ದು: ಅವರು ನೆಲದ ಮೇಲಿದ್ದರು. ಜಮಖಾನೆಯ ಮೇಲೆ ಚಕ್ಕಳಮಕ್ಕಳ ಹಾಕಿಕೊಂಡು, ಬೆಳಿಗ್ಗೆ ರಿಯಾಜಿಗೆ ಕೂರುವ ಜಾಗದಲ್ಲಿ. ಬಂದ ಹೊತ್ತಿನಿಂದ ಅದು ನನ್ನ ಕಣ್ಣೆದುರೇ ಇತ್ತು. ನಮ್ಮ ಮನೆಯಲ್ಲೂ ಗಂಡಸರು ಮೇಲೆ, ಹೆಂಗಸರು ಕೆಳಗೆ. ಅದು ನೋಡುವ ಸಂಗತಿ ಎಂದೇ ನನಗೆ ಅನ್ನಿಸಿರಲಿಲ್ಲ. ಮೊದಲ ಸಲ ಬಂದಾಗ ಎಲ್ಲಿ ಕೂತು ಕೇಳುತ್ತೀರಿ ಎಂದು ನಾನು ಕೇಳಿದ್ದು ಸಾವಕಾರರನ್ನು. ಸೋಫಾ ಎಂದು ಅವರು ಹೇಳಿದ್ದರು. ಅವರ ಮಟ್ಟಿಗೆ ಅದು ಸರಿಯೇ. ಕೇಳುವವರು ಯಾರು ಎಂದು ನಾನು ಕೇಳಿರಲಿಲ್ಲ.

"ಸ್ವಲ್ಪ ಸರೀರಿ," ಎಂದು ಅವರ ಜಾಗದಲ್ಲಿ ನಾನು ಕೂತೆ. ದನಿ ನಟ್ಟನಡುವಿನಿಂದ ಒಂದು ಮೊಳ ಆಚೆ ನಿಂತು ಹಾಡುತ್ತಿತ್ತು.

"ಏನಾತ್ರಿ?" ಅಂದರು ಸಾವಕಾರರು.

"ನೀವೂ ಕೆಳಗ ಬರ್ರಿ."

ಅವರು ಮೊಣಕಾಲು ಹಿಡಿದುಕೊಂಡು ಇಳಿದು ಕೂತರು. ಹತ್ತು ಎಣಿಸುವಷ್ಟು ಹೊತ್ತು ಕೇಳಿ, ಹೆಂಡತಿಯ ಕಡೆ ತಿರುಗಿ, "ಏ, ಖರೇನ ಸರದದ ನೋಡು," ಅಂದರು. ಬಾಯಾರು ಗೋಡೆಗೆ ಒರಗಿ ನಿಂತರು. ನಗಲೂ ಇಲ್ಲ, ಅಳಲೂ ಇಲ್ಲ. ಬರೀ ಒರಗಿ ನಿಂತರು.

ಕಾರಣ ಇನ್ನೂ ಉಳಿದಿತ್ತು. ಮೈಕನ್ನು ಜಮಖಾನೆಯ ಎತ್ತರಕ್ಕೆ ಇಳಿಸಿ ಮತ್ತೆ ಅಳೆದೆ. ಈ ಸಲ ಗೆರೆಗಳು ಬೇರೆಯಾದವು. ಬಾಲ್ಕನಿ ಕಡೆಯದರಲ್ಲಿ, ದನಿಯ ಅಂಚು ಇರುವ ಮೇಲಿನ ಭಾಗ ಕುಸಿದಿತ್ತು. ಸ್ಪೀಕರಿನ ಮೇಲ್ಗಡೆ ಇರುವ ಸಣ್ಣ ಗುಮ್ಮಟದಿಂದ ಹೊರಡುವ ಚೂಪಾದ ದನಿ ಟಾರ್ಚಿನ ಬೆಳಕಿನಂತೆ ಒಂದು ದಿಕ್ಕಿಗೆ ಹೋಗುತ್ತದೆ. ಸೋಫಾದ ಎತ್ತರಕ್ಕೆ ಎರಡೂ ಬೆಳಕು ತಲುಪುತ್ತಿದ್ದವು. ಜಮಖಾನೆಯ ಎತ್ತರಕ್ಕೆ ಒಂದು ಮಾತ್ರ. ಅಂದರೆ ಒಂದು ಸ್ಪೀಕರ್ ಮುಂದಕ್ಕೆ ಬಾಗಿರಬೇಕು, ಇನ್ನೊಂದು ಹಿಂದಕ್ಕೆ. ಆದರೆ ಎರಡಕ್ಕೂ ನಾನು ರಸಮಟ್ಟ ಇಟ್ಟಿದ್ದೆ.

ರಸಮಟ್ಟ ತೆಗೆದು ಬಾಲ್ಕನಿ ಕಡೆಯದರ ಮೇಲಿಟ್ಟೆ. ಗುಳ್ಳೆ ನಟ್ಟನಡುವೆ. ಅದನ್ನೇ ಎತ್ತಿ, ತುದಿ ಬದಲಿಸಿ, ಅದೇ ಜಾಗದಲ್ಲಿ ಇಟ್ಟೆ. ಗುಳ್ಳೆ ಗೆರೆ ದಾಟಿ ಒಂದು ಬದಿಗೆ ಹೋಗಿ ಕೂತಿತು.

ಯಾವ ಅಳತೆಯ ಸಾಧನವನ್ನೂ ತಿರುಗಿಸಿ ನೋಡದೆ ನಂಬಬೇಡಿ ಎನ್ನುವುದು ಪ್ರಯೋಗಶಾಲೆಯಲ್ಲಿ ನಮಗೆ ಮೊದಲ ವಾರವೇ ಕಲಿಸಿದ ಪಾಠ. ಸಮನಾದ ರಸಮಟ್ಟ ಹೇಗಿಟ್ಟರೂ ಒಂದೇ ಮಾತು ಹೇಳುತ್ತದೆ. ನನ್ನದು ಹೇಳುತ್ತಿರಲಿಲ್ಲ. ನಾನು ಪ್ರತಿ ಸ್ಪೀಕರಿನ ಹೊರಬದಿಯಲ್ಲಿ ಮಂಡಿಯೂರಿ, ರಸಮಟ್ಟದ ಗುರುತಿನ ತುದಿಯನ್ನು ಬಲಗೈಯಲ್ಲಿ ಹಿಡಿದು ಕೆಲಸ ಮಾಡುತ್ತೇನೆ. ಹಾಗಾಗಿ ಆ ತುದಿ ಒಂದು ಸ್ಪೀಕರಿನಲ್ಲಿ ಮುಂದಕ್ಕೂ ಇನ್ನೊಂದರಲ್ಲಿ ಹಿಂದಕ್ಕೂ ಇರುತ್ತದೆ. ಅದರ ಒಂದೇ ಸುಳ್ಳು ಎರಡು ಸ್ಪೀಕರುಗಳನ್ನು ಎರಡು ದಿಕ್ಕಿಗೆ ಬಾಗಿಸಿತ್ತು.

"ಮಾಮಾ, ಇಲ್ಲಿಗೆ ಬರೂ ಮೊದಲ ಲೋಣಾವಳಾದ ಕೆಲಸದಾಗ ಇದು ಬಿದ್ದಿತ್ತಲಾ?"

"ಬಿತ್ತಲ್ರಿ. ಬಂಗಲೇದ ಪಾವಟಿಗಿ ಮ್ಯಾಲೆ. ನಾನs ಎತ್ತಿ ಕೊಟ್ಟೆ."

"ಆಮ್ಯಾಲ ನಾ ಇದನ್ನ ತಿರಿವಿ ಹಾಕಿ ನೋಡಿದ್ದೆ. ಸರಿ ಇತ್ತು. ಚಂದಾಗಿ ನೆನಪದ ನನಗ." ನಿಜವಾಗಿಯೂ ನೆನಪಿತ್ತು. ಚಪ್ಪಟೆಯಾದ ಯಾವುದೋ ವಸ್ತುವಿನ ಮೇಲೆ ಇಟ್ಟು, ತಿರುಗಿಸಿ, ಗುಳ್ಳೆ ನೋಡಿ, ಸಮಾಧಾನಪಟ್ಟ ಚಿತ್ರ ಕಣ್ಣ ಮುಂದಿತ್ತು.

ಮಾಮಾ ಗಲ್ಲ ಕೆರೆದುಕೊಂಡರು. "ನೋಡಿದ್ರಿ, ಖರೆ. ಗಾಡ್ಯಾಗ. ಚಿಕ್ಕಿ ಡಬ್ಬಿ ಮ್ಯಾಲೆ ಇಟ್ಟು ನೋಡಿದ್ರಿ. ನಾ ಘಾಟ ಇಳಸ್ಲಿಕತ್ತಿದ್ದೆ."

ಸಾವಕಾರರು ಬಾಯಿಗೆ ಕೈ ಹಿಡಿದರು. "ಘಾಟಿನ್ಯಾಗ ಲೆವಲ್ ನೋಡಿದ್ರೇನ್ರಿ?"

ನೆನಪನ್ನು ನಂಬದವನೆಂದು ನಾನು ಎಲ್ಲವನ್ನೂ ಡೈರಿಯಲ್ಲಿ ಬರೆಯುತ್ತೇನೆ. ಪುಟ ತೆಗೆದು ನೋಡಿದೆ. ಲೋಣಾವಳಾದ ಮನೆಯ ಅಳತೆಗಳೆಲ್ಲ ಇದ್ದವು. ರಸಮಟ್ಟ ಬಿದ್ದದ್ದಾಗಲೀ ಅದನ್ನು ಪರೀಕ್ಷಿಸಿದ್ದಾಗಲೀ ಒಂದು ಸಾಲೂ ಇರಲಿಲ್ಲ. ನೆನಪು ಅಷ್ಟು ಚೊಕ್ಕಟವಾಗಿದ್ದುದರಿಂದಲೇ ಬರೆದಿರಲಿಲ್ಲವೇನೋ.

ಆಗ ಒಂದು ಆಸೆ ಬಂದದ್ದು ಸುಳ್ಳಲ್ಲ. ನೆಲ ಸ್ವಲ್ಪ ಕುಸಿದಿತ್ತು, ಸರಿಪಡಿಸಿದೆ ಎಂದು ಹೇಳಿದ್ದರೆ ಆ ಮನೆಯಲ್ಲಿ ಯಾರೂ ಪ್ರಶ್ನೆ ಕೇಳುತ್ತಿರಲಿಲ್ಲ. ಆದರೆ ಹಾಗೆ ಹೇಳಿದ್ದರೆ ಬಾಯಾರ ಮನಸ್ಸಿನಲ್ಲಿ ಅರ್ಧ ಅನುಮಾನ ಉಳಿದುಬಿಡುತ್ತಿತ್ತು. ಇನ್ನೊಂದು ದಿನ ಯಾವುದೋ ಸ್ವರ ಸರಿಯಾಗಿ ಕೇಳದಿದ್ದಾಗ ಅದು ಮತ್ತೆ ತಲೆಯೆತ್ತುತ್ತಿತ್ತು.

"ಬಾಯಾರ, ನಿಮ್ಮ ಕಿವಿ ಹೇಳಿದ್ದು ಸರಿ. ತಪ್ಪು ನಂದು. ಸ್ಪೀಕರ್ ಸೊಟ್ಟ ನಿಲ್ಲಿಸಿದಾಂವ ನಾನು. ಅದರ ಮ್ಯಾಲೆ ನಿಮಗ ನೆನಪಿನ ಪಾಠ ಬ್ಯಾರೆ ಹೇಳಿದೆ," ಅಂದೆ.

"ಆ ಪಾಠ ಛಲೋ ಇತ್ತು ಬಿಡ್ರಿ," ಅಂದರು ಅವರು. "ಹೇಳಿದವರಿಗೆ ಉಪಯೋಗ ಆತು."

ಬೇರೆ ರಸಮಟ್ಟ ತರಿಸಲು ವಿಮಾನ ನಗರಕ್ಕೆ ಹೋಗಿ ಬರಬೇಕಿತ್ತು. ಅದರ ಬದಲು ಸುಳ್ಳು ಹೇಳುವ ಈ ರಸಮಟ್ಟವನ್ನೇ ಬಳಸಿಕೊಂಡೆ. ಎರಡು ದಿಕ್ಕಿಗೂ ಇಟ್ಟು ನೋಡುವುದು. ಗುಳ್ಳೆ ಎರಡು ಸಲವೂ ನಡುವಿನಿಂದ ಅಷ್ಟಷ್ಟೇ ದೂರ, ಎದುರುಬದುರಿಗೆ ಸರಿದರೆ ಕೆಳಗಿನ ಸ್ಪೀಕರ್ ಸಮ. ಮಾಮಾ ಸ್ಪೀಕರನ್ನು ಅಪ್ಪಿಕೊಂಡಂತೆ ಹಿಡಿದು ಒಂದು ಬದಿಗೆ ವಾಲಿಸುವರು, ನಾನು ಕಾಲನ್ನು ಕಾಲು ಸುತ್ತು ತಿರುಗಿಸುವೆನು, ಅವರು ಇಳಿಸುವರು, ನಾನು ರಸಮಟ್ಟವನ್ನು ಎರಡು ಸಲ ಇಟ್ಟು ನೋಡುವೆನು. ಹೀಗೆ ಎಂಟು ಕಾಲುಗಳು. ನಡುವೆ ಬಾಯಾರು ಅವಲಕ್ಕಿ ಕೊಟ್ಟರು. ಎರಡೂ ಸ್ಪೀಕರ್ ಸಮ ನಿಂತವು.

ಅಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಸಮ ನಿಂತ ಸ್ಪೀಕರ್ ಸೋಫಾದ ಮೇಲಿನವರ ಕಿವಿಗೆ ನೇರ, ಜಮಖಾನೆಯ ಮೇಲಿನವರ ತಲೆಯ ಮೇಲೆ ಹಾದುಹೋಗುತ್ತದೆ. ಇಬ್ಬರಲ್ಲಿ ಒಬ್ಬರನ್ನು ಆರಿಸಬೇಕಿತ್ತು. ಈ ಸಲ ಕೇಳಿಯೇ ಮಾಡೋಣವೆಂದು ಸಾವಕಾರರ ಮುಖ ನೋಡಿದೆ.

"ನನ್ನನ್ನೇನ ಕೇಳ್ತೀರಿ? ಆಲಾಪ ಸುರು ಆತಂದ್ರ ನಾ ಸೋಫಾದ ಮ್ಯಾಲೆ ಮಲಗಿಬಿಡ್ತೀನಿ. ಆಕಿ ಕಿವಿಗೆ ಮಾಡ್ರಿ."

ಎರಡೂ ಸ್ಪೀಕರಿನ ಹಿಂದಿನ ಕಾಲುಗಳನ್ನು ಲೆಕ್ಕ ಹಿಡಿದು ಅಷ್ಟಷ್ಟೇ ಸುತ್ತು ತಿರುಗಿಸಿ, ಹಿಂಬದಿಯನ್ನು ಎತ್ತಿದೆ. ಎರಡೂ ಮುಂದಕ್ಕೆ ಒಂದೇ ಸಮ, ಸ್ವಲ್ಪವೇ ಬಾಗಿದವು. ಮೈಕನ್ನು ಜಮಖಾನೆಯ ಎತ್ತರದಲ್ಲೇ ಇಟ್ಟು ಅಳೆದೆ. ಗೆರೆಗಳು ಕೂಡಿದವು. ನಟ್ಟುಗಳನ್ನು ಒಂದೊಂದಾಗಿ ಬಿಗಿದೆ.

ಬಾಯಾರು ತಮ್ಮ ಜಾಗದಲ್ಲಿ ಬಂದು ಕೂತರು. ಈ ಸಲ ಬೆರಳು ತೋರಿಸಲಿಲ್ಲ. ಗುರುಗಳು ಹಾಡುತ್ತ ಹಾಡುತ್ತ ನಿಲ್ಲಿಸಿ, ಎದುರಿಗಿದ್ದ ಯಾರಿಗೋ "ಅವಸರ ಮಾಡಬ್ಯಾಡ, ಉಸುರ ತಗೋ," ಎನ್ನುವುದು ಕೇಳಿತು. ಬಾಯಾರು ನಿಜಕ್ಕೂ ಉಸಿರು ತೆಗೆದುಕೊಂಡರು. ಆ ಹುಡುಗಿ ಅವರೇ ಇರಬೇಕು, ನಾನು ಕೇಳಲಿಲ್ಲ.

ನನ್ನ ಪರೀಕ್ಷೆ ಡಾಕ್ಟರರ ಪರೀಕ್ಷೆಯಲ್ಲ, ಒಮ್ಮೆ ಹೋಗಿ ಕಿವಿ ತೋರಿಸಿ ಬನ್ನಿ ಎಂದು ಅವರಿಗೆ ಹೇಳಿದೆ. "ಹೋಗ್ತೀನ್ರಿ, ವಯಸ್ಸಾಗೇದ," ಎನ್ನುತ್ತಲೇ ಫೋನ್ ತೆಗೆದುಕೊಂಡು ಆ ಎರಡು ಮನೆಗಳಿಗೆ ಮರಾಠಿಯಲ್ಲಿ ಮಾತಾಡಿದರು. ಮೊದಲನೆಯವರಿಗೆ ಕಾರಣ ಹೇಳಲು ಹೋಗಿ ತಡವರಿಸಿದರು. ಎರಡನೆಯವರಿಗೆ ಕಾರಣವೇ ಇಲ್ಲ: ಪಾಠ ನಡೆಯುತ್ತದೆ, ನಾಳೆ ಐದಕ್ಕೆ ಕಳಿಸಿ, ಪಾಠ ಬರೆಯುವ ವಹಿ ಮರೆಯದಿರಲಿ.

ತಪ್ಪು ನನ್ನದೇ ಎಂದು ತಿಳಿದು ನಾನು ಇಷ್ಟು ಹಗುರವಾದದ್ದು ಬೇರೆಂದೂ ಇಲ್ಲ, ಇದ್ದರೂ ನೆನಪಿಲ್ಲ. ಚೀಲ ಕಟ್ಟಿದೆ. ಮಾಮಾ ಲಿಫ್ಟಿನ ಗುಂಡಿ ಒತ್ತಿ ನಿಂತಿದ್ದರು. ನಾನು ಚಪ್ಪಲಿ ಮೆಟ್ಟುವಾಗ ಬಾಯಾರು ಸ್ಪೀಕರಿನಲ್ಲಿ ತಂಬೂರಿಯ ಸದ್ದು ಹಾಕಿಕೊಂಡು ಕೂತಿದ್ದರು. ಕೂತಲ್ಲಿಂದಲೇ, ತಲೆ ತಿರುಗಿಸದೆ, ಕರೆದರು.

"ಏನ್ರಿ, ಬಾಲ್ಕನಿ ಕಡೇದು ಹಿಂದ ಏನೋ ಕಿಣಿಕಿಣಿ ಅನ್ನಾಕತ್ತದ. ಒಂದ ನಟ್ಟು ಬಿಗಿಯೂದು ಉಳದದೇನು ನೋಡ್ರಿ."

ನನಗೇನೂ ಕೇಳಿಸಲಿಲ್ಲ. ಸಾವಕಾರರಿಗೂ ಇಲ್ಲ. ಎಂಟನ್ನೂ ಬಿಗಿದದ್ದು ನನಗೆ ಚೆನ್ನಾಗಿ ನೆನಪಿತ್ತು. ಚಪ್ಪಲಿ ಬಿಟ್ಟು ಒಳಗೆ ಹೋಗಿ, ಸ್ಪೀಕರಿನ ಹಿಂದೆ ಮಂಡಿಯೂರಿ ಒಂದೊಂದನ್ನೇ ಬೆರಳಿನಿಂದ ಮುಟ್ಟಿ ನೋಡಿದೆ. ನಾಲ್ಕನೆಯದು ತಿರುಗಿತು.